ಗಡಿಗೆಗೆ ಕಿವಿ ಕೊಡುವ ಪೆಂಟವ್ವ

ಸೇಂದಿಯ ಗಡಿಗೆ ಎದುರಿಗೆ ಬಂದಾಗ ಲೋಕದ ಜನ ಮೊದಲು ಮೂಗು ಮುಂದೆ ಮಾಡುತ್ತಾರೆ, ಅವಸರದವರು ಬಾಯಿಯನ್ನೇ ಮುಂದೆ ಮಾಡುತ್ತಾರೆ. ನಮ್ಮ ಪೆಂಟವ್ವ ಮಾತ್ರ ಕಿವಿಯನ್ನು ಮುಂದೆ ಮಾಡುತ್ತಾಳೆ. ತಲೆಯ ಮೇಲಿನ ಸೆರಗನ್ನು ಎಡಗೈಯಿಂದ ಸರಿಸಿ, ಕಿವಿಯನ್ನು ಗಡಿಗೆಯ ಕಂಠಕ್ಕೆ ತಾಗಿಸಿ, ಕಣ್ಣು ಮುಚ್ಚಿ, ಒಳಗೆ ನೊರೆಗುಳ್ಳೆಗಳು ಒಡೆಯುವ ಚಿರಿಚಿರಿ ಸದ್ದನ್ನು ಆಲಿಸುತ್ತ ಕೂತಳೆಂದರೆ, ಸುತ್ತ ನಿಂತವರು ಎಂಥ ಬಾಯಿಬಡುಕರಾಗಿದ್ದರೂ ತುಟಿ ಪಿಟಕ್ಕೆನ್ನುವಂತಿಲ್ಲ. ಯಾರಾದರೂ ಕೆಮ್ಮಿದರೆ ಮುಗಿಯಿತು. “ನಿನ್ನ ಗಂಟಲಿಗಿ ಬೆಂಕಿ ಬೀಳಲಿ! ಅದು ಮಾತಾಡಾಕ ಹತ್ತೈತಿ, ನೀ ಯಾಕ ನಡಬರಕ ಬಾಯಿ ಹಾಕ್ತಿ?” ಎಂದು ಕಣ್ಣು ತೆರೆಯದೆಯೇ ಬೈಯುತ್ತಾಳೆ.

ಕಿವಿಯ ಕೆಲಸ ಮುಗಿದ ಮೇಲೆ ಕಣ್ಣಿನದು. ಒಂದು ಹನಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಇಳಿಸಿಕೊಂಡು ಬಿಸಿಲಿಗೆ ಹಿಡಿದು, ಅದು ಹರಿಯುತ್ತದೋ ಕೂರುತ್ತದೋ ಎಂದು ನೋಡುತ್ತಾಳೆ. ಕಡೆಗೆ ನಾಲಿಗೆ. ಗುಟುಕೊಂದನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ, ನಿಧಾನವಾಗಿ ನುಂಗಿ, ಅಂಗುಳಕ್ಕೆ ನಾಲಿಗೆ ಬಡಿದು ‘ಟಕ್’ ಎನಿಸುತ್ತಾಳೆ. ಒಂದು ಟಕ್ ಎಂದರೆ ಕುಡಿಯಲಡ್ಡಿಯಿಲ್ಲ, ಎರಡೆಂದರೆ ಉತ್ತಮ, ಮೂರನ್ನು ಕೇಳಿದ ಪುಣ್ಯವಂತರು ವಿರಳ. ಟಕ್ಕೇ ಇಲ್ಲದೆ ಕೋಟಿನ ತೋಳಿನಿಂದ ತುಟಿ ಒರೆಸಿಕೊಂಡಳೋ, ಆ ಗಡಿಗೆಯ ಧಣಿ ಅದನ್ನು ಹೊತ್ತು ಬಂದ ದಾರಿ ಹಿಡಿಯುವುದೇ ಮರ್ಯಾದೆ.

ಕೋಟು ಎಂದೆನಲ್ಲ, ಅದರದೇ ಒಂದು ಪುರಾಣ. ಎಪ್ಪತ್ತು ದಾಟಿದ ಈ ಕುರುಬರ ಮುದುಕಿ ಯಾವ ಸೀರೆ ಉಟ್ಟರೂ ಅದರ ಮೇಲೆ ಖಾಕಿ ಬಣ್ಣದ ಗಂಡಸರ ಕೋಟೊಂದನ್ನು, ಬೇಸಿಗೆ ಚಳಿಗಾಲವೆನ್ನದೆ, ಧರಿಸಿಯೇ ಮನೆಯಿಂದ ಹೊರಬೀಳುತ್ತಾಳೆ. ಅದಕ್ಕೆ ಗುಂಡಿಗಳಿಲ್ಲ, ಪಿನ್ನುಗಳಿವೆ. ಬಹಳ ಹಿಂದೆ ಮಕ್ತಲಿನ ಸೇಂದಿ ದುಕಾನಿನ ಮುಂದೆ ಆಬ್ಕಾರಿ ಜವಾನನೊಬ್ಬ ಈಕೆಯ ನಾಲಿಗೆಯ ಕೀರ್ತಿಯನ್ನು ಕೇಳಿ ಹೊಟ್ಟೆ ಉರಿದುಕೊಂಡು ಪಂಥ ಕಟ್ಟಿದನಂತೆ. ಬೇರೆ ಬೇರೆ ಊರುಗಳ ಸೇಂದಿಯನ್ನು ಲೋಟಗಳಲ್ಲಿ ಸಾಲಾಗಿ ಇಟ್ಟು, ಯಾವುದು ಎಲ್ಲಿಯದೆಂದು ಹೇಳಿದರೆ ತೊಟ್ಟ ಕೋಟನ್ನು ಬಿಚ್ಚಿಕೊಡುವುದಾಗಿ ಎಲ್ಲರೆದುರು ಎದೆ ತಟ್ಟಿದನಂತೆ. ಪೆಂಟವ್ವ ಒಂದೊಂದನ್ನೇ ಕೇಳಿ, ನೋಡಿ, ಗುಟುಕರಿಸಿ, ಇದು ಬಾವಿಯ ಪಕ್ಕದ ಮರದ್ದು, ಇದು ಸವುಳು ನೆಲದ್ದು, ಇದು ಗದ್ವಾಲದ ಹೊಳೆದಂಡೆಯದು ಎನ್ನುತ್ತ ಹೋಗಿ, ಕಡೆಯ ಲೋಟಕ್ಕೆ ಬಂದಾಗ ಜವಾನನ ಮುಖವನ್ನೇ ದಿಟ್ಟಿಸಿದಳಂತೆ. “ಇದು ಯಾ ಊರಿದ್ದೂ ಅಲ್ಲ. ಎಲ್ಲಾದ್ರಾಗಿಂದು ಒಂದೀಟು ಒಂದೀಟು ಹಾಕಿ ಕಲಸೀದಿ. ಇದಕ್ಕ ಊರಿಲ್ಲ, ನಿನಗ ನಾಚಿಗಿ ಇಲ್ಲ.” ಜವಾನ ಕೋಟು ಬಿಚ್ಚಿದ. ಆದರೆ ಹಿತ್ತಾಳೆಯ ಗುಂಡಿಗಳು ಸರ್ಕಾರದ ಸ್ವತ್ತು, ಅವನ್ನು ಬಿಡಲಾಗದು ಎಂದು ಅಲ್ಲೇ ನಿಂತು, ಹಲ್ಲಿನಿಂದ ದಾರ ಕಚ್ಚಿ ಕಚ್ಚಿ, ಎಲ್ಲವನ್ನೂ ಕಿತ್ತುಕೊಂಡು ಹೋದ.

ನಡಿಗೆಯೂ ಆಕೆಯದೇ ಒಂದು ಬಗೆ. ಮುಂದೆ ಕುರಿಹಿಂಡು ಸಾಗುತ್ತಿದೆಯೆಂಬಂತೆ ಬಲಗೈಯನ್ನು ಪಕ್ಕಕ್ಕೆ ಚಾಚಿ, ತುಸು ಓರೆಯಾಗಿ, ಹುಷಾರಾಗಿ ಹೆಜ್ಜೆ ಹಾಕುತ್ತಾಳೆ. ಹಿಂಡನ್ನು ಮಾರಿ ವರ್ಷಗಳಾದರೂ ಆ ಕೈ ಮಡಚಿಕೊಂಡಿಲ್ಲ. ನಾರಾಯಣಪೇಟೆಯ ಚೌಕದಲ್ಲಿ ಆಕೆ ರಸ್ತೆ ದಾಟುವಾಗ ಆಟೋಗಳು, ಮೋಟಾರ್ ಸೈಕಲ್ಲುಗಳು, ಒಮ್ಮೆ ಹೈದರಾಬಾದಿನ ಬಸ್ಸೂ ಕೂಡ, ಆ ಕೈಗೆ ಅಂಜಿ ನಿಂತದ್ದನ್ನು ನನ್ನ ಸೀರೆ ಅಂಗಡಿಯ ಗಲ್ಲಾದ ಮೇಲಿಂದ ಕಣ್ಣಾರೆ ಕಂಡಿದ್ದೇನೆ. ಆಡುವ ಮಾತಿಗೆಲ್ಲ ‘ಖರೇನೋ ಸುಳ್ಳೋ?’ ಎಂಬ ಬಾಲ. “ಬಿಸಲು ಭಾಳ ಐತಿ, ಖರೇನೋ ಸುಳ್ಳೋ? ನಿಮ್ಮ ಹೊಟ್ಟಿ ಹ್ವಾದ ವರ್ಷಕ್ಕಿಂತ ಮುಂದ ಬಂದೈತಿ, ಖರೇನೋ ಸುಳ್ಳೋ?” ಖರೆ ಎನ್ನದೆ ಗತಿಯಿಲ್ಲ.

ನನ್ನದು ಸೇಂದಿಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆತನ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಬೇರೆಯದನ್ನೇ ಅನ್ನುತ್ತಾರೆಂಬ ಗಾದೆಯನ್ನು ನಮ್ಮಪ್ಪ ಹೊತ್ತುಹೊತ್ತಿಗೆ ಹೇಳುತ್ತಿದ್ದರು. ಅನ್ನುವವರು ಹೇಗೂ ಅಂದೇ ಅನ್ನುತ್ತಾರೆ, ಮತ್ತೆ ಮಜ್ಜಿಗೆಯನ್ನಾದರೂ ಯಾಕೆ ಕುಡಿಯಬೇಕು ಎಂದು ನಾನು ಸೇಂದಿಯನ್ನೇ ಕುಡಿದೆ. ಮೊದಲ ದಿನ ಪೆಂಟವ್ವನ ಎದುರು ಒಂದು ಲೋಟ ಮುಗಿಸಿ “ಚಲೋ ಐತಿ” ಎಂದದ್ದೇ ತಡ, ಮುದುಕಿಗೆ ರೇಗಿತು. “ಚಲೋ ಐತಿ ಅಂದ್ರ ಏನ್ರೀ ಸಾವಕಾರ? ನಿಮ್ಮ ಅಂಗಡ್ಯಾಗ ಯಾರರ ಬಂದು ಒಂದು ಸೀರಿ ಕೊಡ್ರಿ ಅಂದ್ರ ಕೊಟ್ಟು ಕಳಸ್ತೀರೇನು? ಯಾ ಬಣ್ಣ, ಯಾ ಅಂಚು ಕೇಳಂಗಿಲ್ಲೇನು? ಮಗ್ಗದ ಮ್ಯಾಲಿಂದೋ ಮಿಲ್ಲಿಂದೋ ನೋಡಂಗಿಲ್ಲೇನು?”

ಅಲ್ಲಿಂದ ಶುರುವಾಯಿತು ನನ್ನ ವಿದ್ಯಾಭ್ಯಾಸ. ಅಬ್ಬಾ, ಏನು ವಿದ್ಯೆ ಅದು! ಸೇಂದಿಯೆಂದರೆ ಒಂದೇ ಎಂದುಕೊಂಡಿದ್ದ ನನ್ನ ಜಡ ನಾಲಿಗೆಯ ಮೇಲೆ ಆಕೆ ಒಂದು ಸೀಮೆಯನ್ನೇ ಬಿಡಿಸಿಟ್ಟಳು. ಮಾಘದ ಚಳಿಯಲ್ಲಿ ಮುಂಜಾನೆ ಇಳಿಸಿದ ಈಚಲ ಸೇಂದಿ, ಬಾಯಿಗೆ ಬಿದ್ದ ಕೂಡಲೇ ತಂಪು, ಆಮೇಲೆ ಹೊಸ ಬೆಲ್ಲದ ಸಿಹಿ, ನುಂಗುವ ಹೊತ್ತಿಗೆ ನಾಲಿಗೆಯ ತುದಿಯನ್ನು ಇರುವೆ ಕಚ್ಚಿದಂಥ ಸಣ್ಣ ಚುರುಕು. ಅದೇ ಗಡಿಗೆಯನ್ನು ಬಿಸಿಲೇರಿದ ಮೇಲೆ ಮುಟ್ಟಿ ನೋಡಿ, ಸಿಹಿಯೆಲ್ಲ ಸೋರಿಹೋಗಿ ಖಡಕ್ ಹುಳಿ! “ಈಚಲ ಸೇಂದಿ ಅಳಿಯ ಇದ್ದಂಗ್ರಿ. ಬಂದಾಗ ಸಿಹಿ, ಉಳಕೊಂಡ್ರ ಹುಳಿ,” ಎಂಬುದು ಪೆಂಟವ್ವನ ವ್ಯಾಖ್ಯಾನ. ತಾಳೆಯದು, ಇಲ್ಲಿನವರ ಬಾಯಲ್ಲಿ ತಾಟಿಯದು, ಬೇರೆಯೇ ಜಾತಿ: ಬಣ್ಣ ಅಕ್ಕಿ ತೊಳೆದ ನೀರಿನದು, ಮೈ ದಪ್ಪ, ಗಂಟಲಿನಲ್ಲಿ ಒಂದು ಗಳಿಗೆ ನಿಂತು ಯೋಚಿಸಿ ಇಳಿಯುತ್ತದೆ, ಇಳಿದ ಮೇಲೆ ಎದೆಯಲ್ಲಿ ಬೆಚ್ಚಗೆ ಕೂರುತ್ತದೆ. ಅದರಲ್ಲೂ ಗಂಡು ಮರದ್ದು ಒರಟು, ಹೆಣ್ಣು ಮರದ್ದು ನಯ. ಗುಂಡುಮಾಲಿನ ಕೆಂಪು ನೆಲದ ಸೇಂದಿ ನಾಲಿಗೆಗಿಂತ ಮೂಗಿಗೆ ಹೆಚ್ಚು ಹಿತ. ಮಕ್ತಲಿನ ಕಪ್ಪು ಹೊಲಗಳ ಬದುವಿನದು ದುಂಡಗೆ, ಬಾಯಿ ತುಂಬ. ಗದ್ವಾಲದ ದಂಡೆಯದು ಉಸುಕಿನಲ್ಲಿ ಸೋಸಿದಷ್ಟು ತಿಳಿ. ಅಲಂಪುರದ ಕಡೆಯದರಲ್ಲಿ, ನಂಬುವವರು ನಂಬಿ, ಕಡೆಗೊಂದು ಉಪ್ಪಿನ ನೆನಪು. ಒಂದೊಂದನ್ನು ಗುರುತಿಸಿದಾಗಲೂ ನನಗಾದ ಹಿಗ್ಗನ್ನು ಏನೆಂದು ಹೇಳಲಿ! ರಾಜ್ಯ ಗೆದ್ದವನ ಹಾಗೆ ಎದ್ದು ನಿಂತುಬಿಡುತ್ತಿದ್ದೆ. “ಕೂಡ್ರಿ ಸಾವಕಾರ, ಇನ್ನಾ ಒಂದು ಗುಟುಕಿನಾಗ ಐತಿ ನಿಮ್ಮ ದೊಡ್ಡಸ್ತಿಕಿ,” ಎಂದು ಆಕೆ ನನ್ನ ಅಂಗಿ ಜಗ್ಗಿ ಕೂರಿಸುತ್ತಿದ್ದಳು.

ಇಂಥ ಪೆಂಟವ್ವನಿಗೆ ಒಬ್ಬಳು ಮೊಮ್ಮಗಳು, ದೇವಿಕಾ. ಮಗ ಬೀರಯ್ಯನ ಒಬ್ಬಳೇ ಮಗಳು. ನನ್ನ ಅಂಗಡಿಯಲ್ಲಿ ಸೀರೆ ತೋರಿಸುತ್ತಾಳೆ, ಫೋನಿನಲ್ಲಿ ವಿಡಿಯೋ ಮಾಡಿ ದೂರದ ಗಿರಾಕಿಗಳಿಗೆ ಮಾರುತ್ತಾಳೆ. ಅಜ್ಜಿಯ ನಾಲಿಗೆ ಬಂದಿಲ್ಲದಿದ್ದರೂ ಅಜ್ಜಿಯ ಗದ್ದ ಬಂದಿದೆ. ಆ ಗದ್ದ ಮೇಲಕ್ಕೆದ್ದರೆ ಮಾಲೀಕನಾದ ನಾನೂ ಸುಮ್ಮನಾಗುತ್ತೇನೆ. ಗದ್ವಾಲದ ಕಡೆಯ ನರೇಂದ್ರ ಎಂಬ ಹುಡುಗ, ಜೂರಾಲ ಅಣೆಕಟ್ಟೆಯ ಮೀನನ್ನು ವ್ಯಾನಿನಲ್ಲಿ ಸಾಗಿಸುವವನು, ತಂಗಿಗೆ ಸೀರೆ ಕೊಳ್ಳಲು ಬಂದವನು, ಆಮೇಲೆ ತಂಗಿಗೆ ಸಾಲದೆಂದು ತಾಯಿಗೆ, ಚಿಕ್ಕಮ್ಮನಿಗೆ, ಕಡೆಗೆ ಯಾರಿಗೆಂದು ಹೇಳಲಾಗದೆಯೂ ಸೀರೆ ಕೊಳ್ಳಲು ಬರತೊಡಗಿದಾಗ ನನಗೆ ವ್ಯಾಪಾರವೂ ಆಯಿತು, ವಿಷಯವೂ ತಿಳಿಯಿತು. ಒಂದೇ ಜಾತಿ, ಕುಲದೇವರು ಬೀರಪ್ಪನ ಒಕ್ಕಲು, ಎರಡೂ ಮನೆಗಳಿಗೆ ಒಪ್ಪಿಗೆ. ಉಳಿದದ್ದು ಗಡಿಗೆ ಕೂಡಿಸುವುದೊಂದೇ.

ಹೊಳೆಯ ಎರಡೂ ದಂಡೆಯಲ್ಲಿರುವ ಪೆಂಟವ್ವನ ಬಳಗದಲ್ಲಿ ಹಿಂದಿನಿಂದ ಬಂದ ಪದ್ಧತಿ ಇದು. ಹೆಣ್ಣಿನವರೊಂದು ಗಡಿಗೆ, ಗಂಡಿನವರೊಂದು ಗಡಿಗೆ ಸೇಂದಿ ತಂದು ನಡುದಾರಿಯಲ್ಲಿ ಎದುರಾಗಬೇಕು. ಸೇಂದಿ ಹೊಯ್ದು ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ತಮ್ಮ ಗಡಿಗೆಯ ರುಚಿಯನ್ನು ತಾವು ನೋಡುವಂತಿಲ್ಲ. ತಮ್ಮ ಮಗುವಿನ ಗುಣವನ್ನು ತಾವೇ ಹೊಗಳಿಕೊಳ್ಳಬಾರದಲ್ಲ, ಹಾಗೆ. ಅವರ ಹಿರಿಯರು ಇವರದನ್ನು, ಇವರ ಹಿರಿಯರು ಅವರದನ್ನು ಬಿಚ್ಚಿ ಗುಟುಕರಿಸಿ ಮಾತು ಹೇಳಬೇಕು. ಚೆನ್ನಾಗಿದೆಯೆಂದರೆ ಎರಡನ್ನೂ ಒಂದೇ ಹಂಡೆಗೆ ಸುರಿದು ಎಲ್ಲರೂ ಕುಡಿದರೆ ಸಂಬಂಧ ಕೂಡಿತು. ಕೆಟ್ಟಿದೆಯೆಂದರೆ ಗಡಿಗೆಗಳು ತಂತಮ್ಮ ಊರಿಗೆ, ಹುಡುಗ ಹುಡುಗಿ ತಂತಮ್ಮ ಮನೆಗೆ. ಈ ಕಾಲದಲ್ಲಿ ಎಲ್ಲರಿಗೂ ಇದೊಂದು ಶಾಸ್ತ್ರ; ತುಟಿಗೆ ತಾಗಿಸಿ ‘ಭೇಷ್’ ಎಂದು ಊಟಕ್ಕೇಳುತ್ತಾರೆ. ಪೆಂಟವ್ವನಿಗೆ ಮಾತ್ರ ಅದು ಶಾಸ್ತ್ರವಲ್ಲ. ಹಿಂದೊಮ್ಮೆ ಸ್ವಂತ ತಂಗಿಯ ಮಗಳು ಝಾನ್ಸಿಯ ಗಡಿಗೆ ಕೂಡಿಸುವ ದಿನ, ಗಂಡಿನವರ ಸೇಂದಿಯನ್ನು ಬಾಯಿಗೆ ಹಾಕಿಕೊಂಡು ಪಕ್ಕಕ್ಕೆ ಉಗುಳಿ, “ಇದರಾಗ ಪುಡಿ ಐತಿ. ಮದವಿ ಗಡಿಗ್ಯಾಗ ಮತ್ತಿನ ಪುಡಿ ಕಲಸೋ ಮನಿಗೆ ಹುಡುಗಿ ಯಾಕ?” ಎಂದುಬಿಟ್ಟಳು. ಸಂಬಂಧ ಅಲ್ಲೇ ಮುರಿಯಿತು. ತಂಗಿ ಇಂದಿಗೂ ಅಕ್ಕನ ಹೊಸ್ತಿಲು ತುಳಿದಿಲ್ಲ.

ಹೀಗಾಗಿ ದೇವಿಕಾಗೆ ದಿಗಿಲು. ನರೇಂದ್ರನ ಮನೆಯವರು ಎಂಥ ಗಡಿಗೆ ತರುತ್ತಾರೋ, ಅಜ್ಜಿಯ ನಾಲಿಗೆ ಏನನ್ನುತ್ತದೋ! ಒಂದು ಮಧ್ಯಾಹ್ನ ಪೆಂಟವ್ವ ಅಂಗಡಿಗೆ ಬಂದಾಗ ಸೀರೆ ಮಡಚುತ್ತಿದ್ದವಳು ಬಿಟ್ಟು ಎದ್ದು ಬಂದು ಅಜ್ಜಿಯ ಕೋಟಿನ ತೋಳು ಹಿಡಿದಳು.

“ಅಜ್ಜೀ, ಅವತ್ತೊಂದಿನ ಹ್ಯಾಂಗರ ಇರ್ಲಿ, ಚಲೋ ಐತಿ ಅಂದುಬಿಡು. ನಿನ್ನ ಕಾಲಿಗಿ ಬೀಳ್ತೀನಿ.”

“ನಾ ಏನೋ ಅಂದೇನು. ನಾಲಿಗಿ ಅನ್ನಂಗಿಲ್ಲ. ಅದು ನನ್ನ ಮಾತು ಕೇಳಂಗಿಲ್ಲವ್ವ.”

“ನಾಲಿಗಿ ನಿಂದಲ್ಲೇನು?”

“ಬೀರಪ್ಪಂದು,” ಎಂದಳು ಪೆಂಟವ್ವ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಮುದುಕಿ ಅದನ್ನು ನೋಡದವಳಂತೆ ಬೀದಿಯ ಕಡೆ ಮುಖ ಮಾಡಿ ಕೂತಳು. ನಾನು ನಡುವೆ ಏನೋ ಹೇಳಹೋಗಿ ಬೈಸಿಕೊಂಡೆ.

ಆದರೆ ತನ್ನ ಕಡೆಯ ಗಡಿಗೆಗೆ ಮಾತ್ರ ಯಾರೂ ಬೆರಳು ತೋರಿಸಬಾರದೆಂದು ಮುದುಕಿ ತೊಟ್ಟ ಪಣವಿತ್ತಲ್ಲ, ಅದನ್ನು ನೋಡಬೇಕಿತ್ತು! ಅಂಗಡಿಯನ್ನು ದೇವಿಕಾಗೆ ಒಪ್ಪಿಸಿ, ಪೆಂಟವ್ವನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಾನು ಸೀಮೆ ಸುತ್ತಿದೆ. ಬೆಳಕು ಹರಿಯುವ ಮುಂಚೆ ಹೊರಡುವುದು, ಮರ ಇಳಿದ ಗಡಿಗೆಗಳ ಮುಂದೆ ಕೂರುವುದು. ಮಕ್ತಲಿನ ಹೊರಗೆ ಒಂದು ತೋಪಿನಲ್ಲಿ ಎರಡು ಟಕ್ ಬಿತ್ತು. ನಾನು ಇದೇ ಆಯಿತೆಂದು ಹಾರಾಡಿದರೆ, “ನಾಲಿಗಿ ಮುಂದಿನ ಅರ್ಧಕ್ಕ ಚಲೋ ಐತಿ, ಹಿಂದಿನ ಅರ್ಧಕ್ಕ ಏನೂ ಇಲ್ಲ,” ಎಂದು ಎದ್ದಳು. ಇನ್ನೊಂದು ಕಡೆ ತಾಳೆಯದು, ನನಗೆ ಸ್ವರ್ಗ ಮೂರೇ ಗೇಣು ಎನಿಸಿತು. ಆಕೆ ಒಂದೇ ಟಕ್ ಎನಿಸಿ, “ಗದ್ವಾಲದವ್ರಿಗಿ ತಾಟಿ ಒಯ್ಯೂದಂದ್ರ ಹೊಳಿಗಿ ನೀರು ಒಯ್ದಂಗ,” ಎಂದಳು. ಕಡೆಗೆ ಗುಂಡುಮಾಲಿನ ಹಳ್ಳದ ದಂಡೆಯಲ್ಲಿ, ಆಶಪ್ಪ ಎಂಬ ಮರ ಹತ್ತುವವನ ಈಚಲುಗಳ ಕೆಳಗೆ, ನೆಲದ ಮೇಲಿನ ಇಬ್ಬನಿ ಇನ್ನೂ ಆರದ ಹೊತ್ತಿನಲ್ಲಿ, ಪೆಂಟವ್ವ ಒಂದು ಗಡಿಗೆಗೆ ಕಿವಿ ಕೊಟ್ಟವಳು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ಸಡಿಲಗೊಂಡವು. ಗುಟುಕರಿಸಿದಳು. ಟಕ್. ಟಕ್. ಮತ್ತು, ಅಯ್ಯೋ ನನ್ನ ಭಾಗ್ಯವೇ, ಟಕ್!

ಆಶಪ್ಪ ಮರದ ಮೇಲಿಂದಲೇ ಕೈ ಮುಗಿದ. ನಾನೂ ಲೋಟ ಒಡ್ಡಿದೆ. ಸಿಹಿ ಹುಳಿಯನ್ನು ಮೀರಿರಲಿಲ್ಲ, ಹುಳಿ ಸಿಹಿಯನ್ನು ಮುಟ್ಟಿರಲಿಲ್ಲ. ನಡುವೆ ಒಂದು ಹಸಿರು ಪರಿಮಳ ಎದ್ದು ಮೂಗಿನೊಳಗಿಂದ ಹಣೆಗೇರಿತು, ನುಂಗಿದ ಮೇಲೂ ಬಾಯಿ ತುಂಬ ಅದರ ಗುಂಗು. ಗಡಿಗೆ ಕೂಡಿಸುವ ದಿನಕ್ಕೆ ಸಂಜೆಯ ಗಡಿಗೆಯದನ್ನು ಒಂದು ಪಾಲು, ಮುಂಜಾವಿನದನ್ನು ಎರಡು ಪಾಲು ಬೆರೆಸಿಕೊಡುವಂತೆ ಪೆಂಟವ್ವ ಅಪ್ಪಣೆ ಮಾಡಿದಳು. ಹಿಂದಿರುಗುವಾಗ ಸ್ಕೂಟರಿನ ಮೇಲೆ ಆಕೆ ಮೈಲಾರಲಿಂಗನ ಪದವೊಂದನ್ನು ಗಟ್ಟಿಯಾಗಿ ಹಾಡುತ್ತಿದ್ದಳು, ದಾರಿಯ ಹೊಲಗಳವರೆಲ್ಲ ನಿಂತು ನೋಡುತ್ತಿದ್ದರು.

ಗಡಿಗೆ ಕೂಡಿಸುವ ದಿನ ಗೊತ್ತು ಮಾಡಿದ್ದು ಜೂರಾಲ ಅಣೆಕಟ್ಟೆಯ ಹತ್ತಿರ, ಮೀನು ಕರಿಯುವ ಅಂಗಡಿಗಳ ಸಾಲು ದಾಟಿದ ಮೇಲೆ ಸಿಗುವ ಬೇವಿನ ಮರದ ಕೆಳಗೆ. ಬೀರಯ್ಯ ಹಳೆಯ ಜೀಪೊಂದನ್ನು ಬಾಡಿಗೆಗೆ ಮಾತಾಡಿದ್ದ. ನಾನು ಹೋದಾಗ ಅವರ ಹಳ್ಳಿಯ ಮನೆಯ ಮುಂದೆ ಪೆಂಟವ್ವ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಗಲೇ ಜೀಪಿನಲ್ಲಿ ಕೂತಿದ್ದಳು. ಎಂಥ ಗಡಿಗೆ! ಹೊಚ್ಚ ಹೊಸದು, ಹಾಲಿನಷ್ಟು ಬೆಳ್ಳಗೆ ಸುಣ್ಣ ಬಳಿದು, ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದು, ಕಂಠಕ್ಕೆ ಬೇವಿನ ಎಲೆ ಸುತ್ತಿ, ಬಾಯಿಗೆ ಹಳದಿ ಬಟ್ಟೆ ಕಟ್ಟಿದ್ದು. ಮಕ್ತಲಿನಿಂದ ಜೂರಾಲದವರೆಗೆ ಆ ಜೀಪು ಮಾಡಿದ ಸದ್ದಿಗೆ ನಮ್ಮ ಮಾತೇ ನಮಗೆ ಕೇಳುತ್ತಿರಲಿಲ್ಲ. ಪೆಂಟವ್ವ ಮಾತ್ರ ಗಡಿಗೆಯನ್ನು ತಬ್ಬಿಕೊಂಡು, ಒಂದು ತಗ್ಗಿಗೂ ಅಲುಗಗೊಡದೆ, ನಗುಮುಖದಿಂದ ಕೂತಿದ್ದಳು.

ಗಂಡಿನವರು ಮೊದಲೇ ಬಂದಿದ್ದರು. ಅವರ ಹಿರಿಯ ನರೇಂದ್ರನ ಅಜ್ಜ, ಕುರುಮಯ್ಯ: ಉದ್ದನೆಯ ಆಳು, ಕಿವಿಯಲ್ಲಿ ಕಡುಕಿನ ಒಡವೆ, ಮಾತು ಕಡಿಮೆ, ಆಡಿದರೂ ಪಿಸುಗುಟ್ಟಿದಂತೆ. ಇವನ ಎದುರು ನಮ್ಮ ಪೆಂಟವ್ವ ಕಂಬಳಿಯ ಮೇಲೆ ಕೂತಾಗ, ದೇವಿಕಾ ಹೆಂಗಸರ ಗುಂಪಿನೊಳಗೆ ತಾಯಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ತಾಯಿಯ ಬಳೆಯೊಂದು ಒಡೆಯಿತು. ನರೇಂದ್ರ ವ್ಯಾನಿಗೆ ಒರಗಿ ನಿಂತು ಕಾಲಿನಿಂದ ನೆಲ ಕೆದರುತ್ತಿದ್ದ.

ಮೊದಲು ಅವರ ಗಡಿಗೆ. ಪೆಂಟವ್ವ ಬಟ್ಟೆ ಬಿಚ್ಚಿದಳು, ಕಿವಿ ಕೊಟ್ಟಳು. ಹನಿಯನ್ನು ಉಗುರಿನ ಮೇಲಿಟ್ಟು ನೋಡಿದಳು. ಗುಟುಕರಿಸಿದಳು, ಕೆನ್ನೆಯಿಂದ ಕೆನ್ನೆಗೆ ದಾಟಿಸಿದಳು. ಕೋಟಿನ ತೋಳು ಮೇಲೆದ್ದೀತೇ ಎಂದು ನಾನು ಅದನ್ನೇ ನೋಡುತ್ತಿದ್ದೆ. ಟಕ್! ಮತ್ತೆ ಟಕ್! “ಹೆಣ್ಣು ತಾಟಿ. ಹೊಳಿ ದಂಡಿದು. ಮುಂಜ್ಯಾನಿ ಇಳಿಸ್ಯಾರ, ನೆರಳಾಗ ತಂದಾರ. ಮನಿ ಚಲೋ ಐತಿ!” ಎಂದು ಪೆಂಟವ್ವ ಕೂಗಿ ಹೇಳಿದಳು. ಹೆಂಗಸರು ಗಲಗಲ ನಕ್ಕರು, ದೇವಿಕಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು, ನಾನು ಪರಿಚಯವೇ ಇಲ್ಲದ ಗದ್ವಾಲದವರೊಬ್ಬರನ್ನು ಅಪ್ಪಿಕೊಂಡುಬಿಟ್ಟೆ.

ಆಮೇಲೆ ಕುರುಮಯ್ಯ ನಮ್ಮ ಗಡಿಗೆಯ ಬಟ್ಟೆ ಬಿಚ್ಚಿದ. ಒಳಗೊಮ್ಮೆ ಇಣುಕಿದ, ತುಸು ಹೊತ್ತು ನೋಡುತ್ತಲೇ ಇದ್ದ. ದೊನ್ನೆಯಲ್ಲಿ ಹೊಯ್ದುಕೊಂಡು ಒಂದು ಗುಟುಕು ಕುಡಿದ, ಇನ್ನೊಂದು ಕುಡಿದ. “ಭೇಷ್ ಐತಿ,” ಎಂದ ತನ್ನ ಸಣ್ಣ ದನಿಯಲ್ಲಿ, “ಇಂಥಾದ್ದು ಕುಡದು ಭಾಳ ದಿನ ಆಗಿತ್ತು.” ಆಯಿತು! ಎರಡೂ ಗಡಿಗೆಗಳು ಒಂದೇ ಹಂಡೆಗೆ ಖಾಲಿಯಾಗತೊಡಗಿದವು. ನಮ್ಮದರಲ್ಲಿ ಇನ್ನೂ ಕಾಲು ಭಾಗ ಉಳಿದಿರುವಾಗಲೇ ಹಂಡೆ ತುಂಬಿತು. ಮೊದಲ ದೊನ್ನೆ ಬೀರಪ್ಪನ ಹೆಸರಿನಲ್ಲಿ ನೆಲಕ್ಕೆ, ಎರಡನೆಯದು ಪೆಂಟವ್ವನಿಗೆ.

ಪೆಂಟವ್ವ ಕುಡಿದಳು. ಟಕ್ ಬರಲಿಲ್ಲ. ಕೋಟಿನ ತೋಳು ಮೇಲೆದ್ದು ತುಟಿಯನ್ನು ಒರೆಸಿತು.

“ಹಂಡೇದಾಗ ಏನೋ ಸತ್ತೈತಿ,” ಎಂದಳು. ಯಾರಿಗೂ ಅರ್ಥವಾಗಲಿಲ್ಲ. ಆಕೆ ನಮ್ಮ ಗಡಿಗೆಯನ್ನು ಎಳೆದುಕೊಂಡು ಕಿವಿ ಕೊಟ್ಟಳು, ಅದರಲ್ಲಿ ಸದ್ದಿರಲಿಲ್ಲ. ಒಳಗೆ ಕೈ ಹಾಕಿ ಗೋಡೆಯನ್ನು ಸವರಿ ಹೊರತೆಗೆದಳು. ಬೆರಳ ತುಂಬ ಸುಣ್ಣ.

ಸೇಂದಿಗೂ ಸುಣ್ಣಕ್ಕೂ ಹಾವು ಮುಂಗುಸಿಯ ವೈರ. ಗಡಿಗೆಯೊಳಗೆ ಸುಣ್ಣ ಬಳಿದರೆ ಸೇಂದಿ ಹುಳಿಯುವುದೇ ಇಲ್ಲ, ನೊರೆ ಏಳುವುದಿಲ್ಲ, ಕುದಿಸಿ ಆರಿಸಿದ ನೀರಿನಂತೆ ಚಪ್ಪಗಾಗಿ ಸಾಯುತ್ತದೆ. ನನಗೆ ಇದನ್ನು ಮೊದಲ ಪಾಠದಲ್ಲೇ ಹೇಳಿಕೊಟ್ಟವಳು ಇದೇ ಪೆಂಟವ್ವ. ಮೊಮ್ಮಗಳ ಗಡಿಗೆಯೆಂಬ ಸಂಭ್ರಮದಲ್ಲಿ, ಯಾರನ್ನೂ ಮುಟ್ಟಗೊಡದೆ, ತಾನೇ ಕೂತು ಹೊರಗೂ ಒಳಗೂ ಸುಣ್ಣ ಬಳಿದವಳೂ ಇದೇ ಪೆಂಟವ್ವ! ಆನೆಗೂ ಅಡಿ ತಪ್ಪುತ್ತದೆ ಎನ್ನುತ್ತಾರೆ. ಆದರೆ ಆನೆ ಬೀಳುವುದನ್ನು ನೋಡಲು ಆಗುವುದಿಲ್ಲ.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಕುರುಮಯ್ಯ ಭೇಷ್ ಅಂದಾಗಿತ್ತು, ಮಾತು ಕೂಡಿತ್ತು. ಬೀರಯ್ಯ ಬಗ್ಗಿ, “ಯವ್ವಾ, ಬಾಯಿ ಮುಚ್ಚಿಕೊಂಡು ಕೂಡು, ನಿನ್ನ ಪುಣ್ಯ,” ಎಂದು ಪಿಸುಗುಟ್ಟಿದ. ಎಲ್ಲಿ ಕೂರುತ್ತಾಳೆ! ಎದ್ದು ನಿಂತು, ಸುಣ್ಣದ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, “ಕೇಳ್ರಿ! ನಮ್ಮ ಗಡಿಗಿ ಕೆಟ್ಟೈತಿ. ಸತ್ತ ಸೇಂದಿ ತಂದೀವಿ. ನಾನಾ ಕೆಡಿಸೀನಿ,” ಎಂದಳು.

ಗುಜುಗುಜು ಎದ್ದಿತು. ನರೇಂದ್ರನ ಸೋದರಮಾವ ರಾಜಕುಮಾರ ಎಂಬವನು ತೆಲುಗಿನಲ್ಲೇ ಗದರಿ, ಆಮೇಲೆ ನಮಗೆ ತಿಳಿಯಲೆಂದು ಕನ್ನಡಕ್ಕೆ ಬಂದ: “ಊರಿನ ಗಡಿಗಿಗೆಲ್ಲಾ ಹೆಸರಿಡೋ ಮುದುಕಿ, ನಮಗ ಸುಣ್ಣದ ನೀರು ಕುಡಿಸ್ತೀಯೇನು? ಪದ್ಧತಿ ಪ್ರಕಾರ ಗಡಿಗಿ ಹಿಂದಕ್ಕ ಒಯ್ರಿ!” ದೇವಿಕಾಳ ಗದ್ದ ಮೇಲೆದ್ದಿತ್ತು, ಆದರೆ ನಡುಗುತ್ತಿತ್ತು. ನರೇಂದ್ರ ನೆಲ ಕೆದರುವುದನ್ನು ನಿಲ್ಲಿಸಿ ಅಜ್ಜನ ಮುಖವನ್ನೇ ನೋಡುತ್ತಿದ್ದ.

ಪೆಂಟವ್ವನ ಸಿಟ್ಟು ತಿರುಗಿದ್ದು ರಾಜಕುಮಾರನ ಮೇಲಲ್ಲ, ಕುರುಮಯ್ಯನ ಮೇಲೆ. “ನೀ ಹಿರ್ಯಾ ಮನಿಷಾ! ಎರಡು ಗುಟುಕು ಕುಡದು ಭೇಷ್ ಐತಿ ಅಂದಿ! ನಿನಗ ನಾಲಿಗಿ ಇಲ್ಲೋ, ನಿಯತ್ತಿಲ್ಲೋ?”

“ನಾಲಿಗಿ ಐತವ್ವ,” ಎಂದ ಕುರುಮಯ್ಯ ಕೂತಲ್ಲಿಂದಲೇ. “ಬಟ್ಟಿ ಬಿಚ್ಚಿದ ಕೂಡ್ಲೆ ಗೊತ್ತಾತು ಇದು ಸತ್ತೈತಿ ಅಂತ.”

“ಮತ್ತ ಸುಳ್ಳು ಯಾಕ ಹೇಳಿದಿ?”

ಕುರುಮಯ್ಯ ಗಡಿಗೆಯನ್ನು ತನ್ನ ಕಡೆಗೆ ಓರೆ ಮಾಡಿ ಬೆಳಕಿಗೆ ಹಿಡಿದ. “ಒಳಗ ನೋಡು. ಸುಣ್ಣದಾಗ ಬೆರಳು ಮೂಡ್ಯಾವ. ಸೊಟ್ಟ ಬೆರಳು, ಮುದುಕಿ ಬೆರಳು. ಮೂಲಿ ಮೂಲಿಗಿ ಹಚ್ಯಾವ, ಒಂದು ಕಡೀನೂ ಬಿಟ್ಟಿಲ್ಲ. ಮೊಮ್ಮಗಳ ಮದವಿ ಅಂತ ಯಾವಾಕಿನೋ ಒಬ್ಬಾಕಿ ತನಗ ಗೊತ್ತಿದ್ದದ್ದನ್ನೆಲ್ಲಾ ಮರ್ತು ಕುಂತು ಬಳದಾಳ. ಅದನ್ನ ಕೆಟ್ಟೈತಿ ಅನ್ನಾಕ ನನಗ ಬಾಯಿ ಬರಲಿಲ್ಲವ್ವ.”

ಪೆಂಟವ್ವ ಕಂಬಳಿಯ ಮೇಲೆ ಕುಸಿದು ಕೂತು, ಹಂಡೆಯದನ್ನಲ್ಲ, ನಮ್ಮ ಗಡಿಗೆಯಲ್ಲಿ ಉಳಿದಿದ್ದ ಆ ಸತ್ತ ಸೇಂದಿಯನ್ನೇ ದೊನ್ನೆಯ ತುಂಬ ಹೊಯ್ದುಕೊಂಡಳು. ಕಿವಿ ಕೊಡಲಿಲ್ಲ, ಉಗುರಿನ ಮೇಲೆ ಇಳಿಸಲಿಲ್ಲ. ಗಟಗಟ ಕಡೆಯ ಹನಿಯವರೆಗೂ ಕುಡಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ತುಟಿಗೆ ಸುಣ್ಣದ ಬಿಳುಪು ಮೆತ್ತಿತ್ತು.

“ಭೇಷ್ ಐತಿ,” ಎಂದಳು.

ಮೊದಲು ನಕ್ಕವಳು ದೇವಿಕಾ. ಆಮೇಲೆ ಆ ನಗೆ ಹೆಂಗಸರಿಗೆ ಹತ್ತಿ, ಗಂಡಸರಿಗೆ ದಾಟಿ, ಮೀನಿನ ಅಂಗಡಿಯವರೂ ಎದ್ದು ಬಂದು ಏನಾಯಿತೆಂದು ಕೇಳುವಂತಾಯಿತು. ಕುರುಮಯ್ಯ ತಾನೂ ಒಂದು ದೊನ್ನೆ ಹೊಯ್ದುಕೊಂಡ. ರಾಜಕುಮಾರ ಮುಖ ಸಿಂಡರಿಸಿಕೊಂಡೇ ಕುಡಿದು, ಕೆಮ್ಮಿ, ಭೇಷ್ ಎಂದ. ಸರದಿ ನನ್ನದೂ ಬಂತು. ಇಷ್ಟು ಊರುಗಳ, ಇಷ್ಟು ಮರಗಳ ಸೇಂದಿ ಕುಡಿದವನು ಹೇಳುತ್ತೇನೆ, ಅಷ್ಟು ಕೆಟ್ಟದ್ದನ್ನು ನಾನು ಬಾಯಿಗೆ ಹಾಕಿಕೊಂಡದ್ದಿಲ್ಲ. ಅಷ್ಟು ಖುಷಿಯಿಂದ ಯಾವುದನ್ನೂ ಕುಡಿದದ್ದೂ ಇಲ್ಲ.

ಸುಳ್ಳಾಡಲು ಬಾರದ ನಾಲಿಗೆಯವರು ಊರಿಗೆ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರಿಲ್ಲದಿದ್ದರೆ ಲೋಕವೆಲ್ಲ ಪುಡಿ ಕಲಸಿದ ಸೇಂದಿಯನ್ನೇ ಅಮೃತವೆಂದು ಕುಡಿದು ಮಲಗೀತು. ಆದ್ದರಿಂದ ನಾವು ಅವರಿಗೆ ಅಂಜುತ್ತೇವೆ, ಗೌರವಿಸುತ್ತೇವೆ, ನಮ್ಮ ಗಡಿಗೆಗಳನ್ನು ಮೆಲ್ಲಗೆ ಅವರಿಂದ ದೂರ ಸರಿಸುತ್ತೇವೆ. ತಪ್ಪುವುದು ಅವರಿಗೆ ಬರುವುದಿಲ್ಲ, ತಪ್ಪಿದರೆ ತಮ್ಮನ್ನು ತಾವು ಕ್ಷಮಿಸಿಕೊಳ್ಳುವುದಂತೂ ಮೊದಲೇ ಬರುವುದಿಲ್ಲ. ಅಂಥವರ ಕೆಟ್ಟ ಗಡಿಗೆಯನ್ನು ಬೆಳಕಿಗೆ ಹಿಡಿದು, ಒಳಗಿನ ಬೆರಳ ಗುರುತನ್ನು ಓದಿ, ಎದುರಿಗೆ ಕೂತು ಕುಡಿಯುವ ಬೀಗನೊಬ್ಬ ಆಯುಷ್ಯದಲ್ಲಿ ಒಮ್ಮೆಯಾದರೂ ಸಿಗಬೇಕು. ಸಿಗದವರು, ಪಾಪ, ಕಡೆಯವರೆಗೂ ಸರಿಯಾಗಿಯೇ ಇರುತ್ತಾರೆ, ಒಬ್ಬರೇ ಕುಡಿಯುತ್ತಾರೆ.